ನಿವೃತ್ತಿಯ ನಂತರ ಷಟಲ್ ಆಟದಿಂದಲೇ ಕೈಖರ್ಚಿನ ಹಣ: ಮನೆಯಲ್ಲಿ ರ‍್ಯಾಕೆಟ್ ಗಟ್ಟಿಂಗ್ ಆರಂಭಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹಾಸನದಲ್ಲಿ ನಮ್ಮ ಗುಂಪಿನ ಯಾರದಾದರೂ ರ‍್ಯಾಕೆಟ್ಟಿನ ಗಟ್, ಅಂದರೆ ಷಟಲ್ ಹೊಡೆಯುವ ಬಲೆಯ ಎಳೆ, ಹರಿದರೆ, ಮೈಸೂರಿಗೋ ಬೆಂಗಳೂರಿಗೋ ಹೋಗುವವರ ಕೈಯಲ್ಲಿ ಅದನ್ನು ಕೊಟ್ಟು ಕಳುಹಿಸಿ ವಾರಗಟ್ಟಲೆ ಕಾಯುತ್ತಿದ್ದ ಕಾಲವೊಂದಿತ್ತು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು 60ನೇ ವಯಸ್ಸಿಗೆ ನಿವೃತ್ತನಾದಾಗ ನನ್ನ ಪಿಂಚಣಿಯಿಂದ ಮನೆ ನಡೆಯುತ್ತಿತ್ತು. ಆದರೆ ಔಷಧಿ, ಮನೆಯ ದುರಸ್ತಿ, ಮಗಳ ಊರಿಗೆ ಹೋಗಿಬರುವ ಖರ್ಚು ಎಲ್ಲಕ್ಕೂ ಅದೇ ಹಣಕ್ಕೆ ಕೈಹಾಕಬೇಕಾಗುತ್ತಿತ್ತು. ಮೂವತ್ತು ವರ್ಷ ಬಿಡದೆ ಆಡಿದ ಆಟದಿಂದ ತಿಂಗಳಿಗೆ ನಾಲ್ಕೈದು ಸಾವಿರ ಹುಟ್ಟೀತೇ ಎಂದು ಯೋಚಿಸಿದಾಗ ನನಗೆ ಕಂಡ ದಾರಿ ಗಟ್ಟಿಂಗ್, ಅಂದರೆ ರ‍್ಯಾಕೆಟ್ಟಿಗೆ ಹೊಸ ಗಟ್ ಬಿಗಿದು ಕೊಡುವ ಕೆಲಸ. ಅದನ್ನು ಮೊದಲಿನಿಂದ ಕಲಿಯುವವರಿಗೆ ನನ್ನ ಅನುಭವದ ಮಟ್ಟಿಗೆ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಆಟಗಾರರು ನಿವೃತ್ತರಾದೊಡನೆ ಮೊದಲು ಯೋಚಿಸುವುದು ಮಕ್ಕಳಿಗೆ ತರಬೇತಿ ಕೊಡುವುದನ್ನು. ಅದು ಒಳ್ಳೆಯ ಕೆಲಸವೇ, ಆದರೆ ಅದನ್ನೇ ಆದಾಯದ ಮೂಲವಾಗಿ ನೆಚ್ಚಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ತರಬೇತಿ ನಿಂತಿರುವುದು ಮಂಡಿಯ ಮೇಲೆ, ಮತ್ತು 60 ದಾಟಿದ ಮಂಡಿ ಯಾವ ಬೆಳಿಗ್ಗೆ ಮುಷ್ಕರ ಹೂಡುತ್ತದೆಂದು ಹೇಳಲಾಗದು. ಗಟ್ಟಿಂಗ್ ಬೇಡುವುದು ಕಣ್ಣು, ಬೆರಳು ಮತ್ತು ತಾಳ್ಮೆಯನ್ನು. ಇಷ್ಟು ವರ್ಷ ಆಡಿದವರಿಗೆ ಒಳ್ಳೆಯ ಗಟ್ಟಿನ ಸದ್ದು ಹೇಗಿರುತ್ತದೆ, ಸಡಿಲವಾದಾಗ ಷಟಲ್ ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಕೈಗೆ ಗೊತ್ತಿರುತ್ತದೆ. ಆ ತಿಳಿವಳಿಕೆಗೆ ಬೆಲೆ ಕೊಡುವ ಜನ ನಿಮ್ಮ ಸುತ್ತಲೇ ಇದ್ದಾರೆ.

ಮೊದಲ ಹೆಜ್ಜೆ: ಹಣ ಮತ್ತು ಸಮಯದ ಮಿತಿ ಹಾಕಿಕೊಳ್ಳುವುದು

ಗ್ರಾಚ್ಯುಟಿ, ಭವಿಷ್ಯನಿಧಿಯ ಹಣವನ್ನು ಠೇವಣಿಯಲ್ಲಿಯೋ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಯೋ ಇಟ್ಟಿದ್ದರೆ ಅದನ್ನು ಮುಟ್ಟಬಾರದು. ಈ ಕೆಲಸಕ್ಕೆ 40,000 ರೂಪಾಯಿಯ ಒಳಗಿನ ಬಂಡವಾಳ ಸಾಕು, ಮತ್ತು ಆ ಮೊತ್ತ ಪೂರ್ತಿ ಮುಳುಗಿದರೂ ಮನೆಯ ಖರ್ಚಿಗೆ ಧಕ್ಕೆಯಾಗದಂತಿರಬೇಕು. ಸಾಲ ಮಾಡಿ ಯಂತ್ರ ತರುವುದನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ ಎರಡೂವರೆ ಗಂಟೆ, ವಾರಕ್ಕೆ ಐದು ದಿನ ಎಂದು ನಾನು ಗೆರೆ ಎಳೆದುಕೊಂಡಿದ್ದೇನೆ. ಸಂಜೆ ಆರರಿಂದ ಏಳೂವರೆಯವರೆಗೆ ನನ್ನ ಆಟದ ಸಮಯ. ಆ ಹೊತ್ತಿನಲ್ಲಿ ಯಾರ ರ‍್ಯಾಕೆಟ್ ಬಂದರೂ ಮೇಜಿನ ಮೇಲೆ ಕಾಯುತ್ತದೆ. ದುಡಿಮೆಗಾಗಿ ಆಟವನ್ನೇ ಬಿಟ್ಟವರು ವರ್ಷದೊಳಗೆ ದುಡಿಮೆಯನ್ನೂ ಬಿಟ್ಟದ್ದನ್ನು ನೋಡಿದ್ದೇನೆ.

ಇನ್ನೂ ಸರ್ಕಾರಿ ಸೇವೆಯಲ್ಲಿರುವವರು ಒಂದು ಮಾತನ್ನು ಗಮನಿಸಬೇಕು. ನಡತೆ ನಿಯಮಗಳ ಪ್ರಕಾರ ಅನುಮತಿಯಿಲ್ಲದೆ ಖಾಸಗಿ ವ್ಯಾಪಾರ ನಡೆಸುವಂತಿಲ್ಲ. ಆದ್ದರಿಂದ ಸೇವೆಯ ಕೊನೆಯ ಎರಡು ವರ್ಷಗಳನ್ನು ಕಲಿಯುವುದಕ್ಕೆ ಬಳಸಿಕೊಳ್ಳಿ, ಸಂಪಾದನೆಯನ್ನು ನಿವೃತ್ತಿಯ ನಂತರಕ್ಕೆ ಇಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಊರಿನಲ್ಲಿ ಎಷ್ಟು ರ‍್ಯಾಕೆಟ್ ಇವೆ ಎಂದು ಎಣಿಸುವುದು

ಒಂದು ವಾರ ಬೆಳಿಗ್ಗೆ ಮತ್ತು ಸಂಜೆ, ಜಿಲ್ಲಾ ಕ್ರೀಡಾಂಗಣದ ಕಡೆ, ಬಡಾವಣೆಗಳ ಖಾಸಗಿ ಕೋರ್ಟುಗಳ ಕಡೆ, ಸಾಲಗಾಮೆ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನ ಸುತ್ತ ಓಡಾಡಿ, ಹೆಗಲಿಗೆ ರ‍್ಯಾಕೆಟ್ ಚೀಲ ಹಾಕಿಕೊಂಡವರನ್ನು ಸುಮ್ಮನೆ ಎಣಿಸಿ ಬರೆದುಕೊಳ್ಳಿ. ವಾರಕ್ಕೆ ಎಷ್ಟು ದಿನ ಆಡುತ್ತಾರೋ ವರ್ಷಕ್ಕೆ ಅಷ್ಟು ಬಾರಿ ಗಟ್ ಬದಲಿಸಬೇಕು ಎಂಬುದು ಆಟಗಾರರಲ್ಲಿ ಬಳಕೆಯಲ್ಲಿರುವ ಹಳೆಯ ಲೆಕ್ಕ. ವಾರಕ್ಕೆ ನಾಲ್ಕು ದಿನ ಆಡುವ 150 ಜನ ಸಿಕ್ಕರೆ ವರ್ಷಕ್ಕೆ 600 ರ‍್ಯಾಕೆಟ್ ಆಯಿತು. ಅದರಲ್ಲಿ ಅರ್ಧ ನಿಮ್ಮ ಬಳಿಗೆ ಬಂದರೂ ತಿಂಗಳಿಗೆ 25. ಎಣಿಕೆ ಐವತ್ತನ್ನೂ ದಾಟದಿದ್ದರೆ ಯಂತ್ರ ಕೊಳ್ಳುವ ಅವಸರ ಬೇಡ.

ಸಕಲೇಶಪುರ, ಬೇಲೂರು, ಆಲೂರು, ಅರಸೀಕೆರೆಯಿಂದ ದಿನವೂ ಓದಿಗೆ, ನೌಕರಿಗೆ ಹಾಸನಕ್ಕೆ ಬರುವವರನ್ನೂ ಮರೆಯಬಾರದು. ಅವರಲ್ಲಿ ಒಬ್ಬರು ನಂಬಿದರೆ ತಮ್ಮ ಊರಿನ ಗುಂಪಿನ ನಾಲ್ಕೈದು ರ‍್ಯಾಕೆಟ್‌ಗಳನ್ನು ಒಟ್ಟಿಗೆ ತರುತ್ತಾರೆ. ಕೆಲಸ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದು ಮೈದಾನದ ಆಟಗಳು ನಿಂತಾಗ ಒಳಾಂಗಣ ಕೋರ್ಟುಗಳು ತುಂಬುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳು ಬರುತ್ತಾರೆ. ಮಾರ್ಚ್‌ನಲ್ಲಿ ಪರೀಕ್ಷೆ, ದೀಪಾವಳಿಯ ಆಸುಪಾಸು ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮನೆ ತುಂಬ ನೆಂಟರು. ಈ ಏರಿಳಿತ ಗೊತ್ತಿದ್ದರೆ ಬರಿದಾದ ತಿಂಗಳಲ್ಲಿ ಮನಸ್ಸು ಕುಗ್ಗುವುದಿಲ್ಲ.

ಮೂರನೆಯ ಹೆಜ್ಜೆ: ಯಂತ್ರ ಮತ್ತು ಸಾಮಾನು

ಗಟ್ಟಿಂಗ್ ಯಂತ್ರಗಳಲ್ಲಿ ಮೂರು ಬಗೆ. ಕೋಲಿಗೆ ತೂಕ ಕಟ್ಟಿ ಅದರ ಭಾರದಿಂದ ಗಟ್ ಎಳೆಯುವುದು ಒಂದು, ಹಿಡಿಕೆ ತಿರುಗಿಸಿ ಎಳೆದಾಗ ನಿಗದಿಯಾದ ಬಿಗಿತಕ್ಕೆ ಬಂದು ತಾನೇ ನಿಲ್ಲುವುದು ಇನ್ನೊಂದು, ವಿದ್ಯುತ್ತಿನಿಂದ ಎಳೆಯುವುದು ಮೂರನೆಯದು. ಮೂರನೆಯದು ದುಬಾರಿ, ಮನೆಯ ಕೆಲಸಕ್ಕೆ ಅದರ ಅಗತ್ಯವಿಲ್ಲ. ತೂಕದ ಯಂತ್ರ ಅಗ್ಗ ಮತ್ತು ನಿಖರ, ಆದರೆ ನಿಧಾನ. ನಾನು ಹಿಡಿಕೆಯದನ್ನು ಕೊಂಡೆ. ಒಬ್ಬರು ಬಳಸಿ ಬಿಟ್ಟಿದ್ದ ಅದಕ್ಕೆ 30,000 ರೂಪಾಯಿ ಕೊಟ್ಟೆ. ಯಾವುದನ್ನು ಕೊಂಡರೂ ಫ್ರೇಮನ್ನು ಆರು ಕಡೆ ಹಿಡಿಯುವಂತಿರಬೇಕು. ಎರಡೇ ಕಡೆ ಹಿಡಿಯುವ ಯಂತ್ರದಲ್ಲಿ ಬಿಗಿತ ಹೆಚ್ಚಿದಂತೆ ಫ್ರೇಮ್ ಸೊಟ್ಟಗಾಗುವ ಭಯವಿದೆ.

ಹಿಡಿಕೆಯ ಯಂತ್ರದ ಒಳಗಿರುವ ಸ್ಪ್ರಿಂಗ್ ದಿನ ಕಳೆದಂತೆ ಸುಳ್ಳು ಹೇಳತೊಡಗುತ್ತದೆ. ಕೊಕ್ಕೆಯಿರುವ ಸಣ್ಣ ತೂಕದ ಮಾಪಕವೊಂದನ್ನು ಇಟ್ಟುಕೊಂಡು ತಿಂಗಳಿಗೊಮ್ಮೆ ಪರೀಕ್ಷಿಸಬೇಕು: ಗಟ್ಟಿನ ಬಿಗಿತವನ್ನು ಪೌಂಡಿನಲ್ಲಿ ಅಳೆಯುತ್ತಾರೆ, ಯಂತ್ರ 20 ಪೌಂಡ್ ಎಂದಾಗ ಮಾಪಕ 9 ಕಿಲೋಗಿಂತ ತುಸು ಹೆಚ್ಚು ತೋರಿಸಬೇಕು, 24 ಪೌಂಡಿಗೆ 10.9 ಕಿಲೋ. ಇದಲ್ಲದೆ ಚೂಪು ಮೂತಿಯ ಇಕ್ಕಳ, ಒಳ್ಳೆಯ ಕಟ್ಟರ್, ರಂಧ್ರ ಬಿಡಿಸಲು ಸಣ್ಣ ದಬ್ಬಣ, ಒಂದಷ್ಟು ಗ್ರಾಮೆಟ್ (ಫ್ರೇಮಿನ ರಂಧ್ರಗಳಲ್ಲಿ ಕೂರುವ ಸಣ್ಣ ಪ್ಲಾಸ್ಟಿಕ್ ಕೊಳವೆ) ಬೇಕು. ಮೇಜಿನ ಎತ್ತರ ನಿಮ್ಮ ಮೊಣಕೈ ಮಟ್ಟಕ್ಕಿರಲಿ. ಬಗ್ಗಿ ಕೆಲಸ ಮಾಡಿದರೆ ಮೂರನೆಯ ರ‍್ಯಾಕೆಟ್ಟಿಗೆ ಸೊಂಟ ಹಿಡಿಯುತ್ತದೆ. ಎಡಗಡೆಯಿಂದ ಬೆಳಕು ಬರುವ ಕಿಟಕಿಯ ಪಕ್ಕ ಮತ್ತು ಒಂದು ಮೇಜುದೀಪ, ಇವೆರಡಕ್ಕೆ ಕಂಜೂಸುತನ ಮಾಡಬೇಡಿ.

ಗಟ್ಟನ್ನು ಬಿಡಿ ಪೊಟ್ಟಣದಲ್ಲಿ ಕೊಂಡರೆ ಲಾಭ ಉಳಿಯುವುದಿಲ್ಲ. 200 ಮೀಟರ್ ಸುರುಳಿ ತರಬೇಕು. ಒಂದು ರ‍್ಯಾಕೆಟ್ಟಿಗೆ 10 ಮೀಟರ್ ಹಿಡಿದರೆ ಒಂದು ಸುರುಳಿಯಲ್ಲಿ 20 ಆಗುತ್ತದೆ. ಆರಂಭಕ್ಕೆ ಎರಡೇ ಬಗೆ ಸಾಕು: ಯೊನೆಕ್ಸ್ ಕಂಪನಿಯ ಬಿಜಿ 65ರಂತಹ 0.70 ಮಿಲಿಮೀಟರ್ ದಪ್ಪದ ಬಾಳಿಕೆಯ ಗಟ್, ಮತ್ತು ಚೆನ್ನಾಗಿ ಆಡುವವರಿಗೆ 0.66ರಿಂದ 0.68ರವರೆಗಿನ ತೆಳುವಾದದ್ದು. ತೆಳು ಗಟ್ ಸದ್ದು ಚೆಂದ, ಹೊಡೆತಕ್ಕೆ ಚುರುಕು, ಬೇಗ ಹರಿಯುತ್ತದೆ.

ನಾಲ್ಕನೆಯ ಹೆಜ್ಜೆ: ಗಟ್ ಬಿಗಿಯುವ ಬಗೆ

ಇದೇ ಈ ಕೆಲಸದ ಜೀವ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಉದ್ದಕ್ಕೆ ಹೋಗುವ ಎಳೆಗಳನ್ನು ಮೇನ್ಸ್ ಎಂದೂ ಅಡ್ಡಕ್ಕೆ ಹೋಗುವವನ್ನು ಕ್ರಾಸ್ ಎಂದೂ ಕರೆಯುತ್ತಾರೆ. ನೇಕಾರರ ಮಾತಿನಲ್ಲಿ ಮೊದಲನೆಯದು ಹಾಸು, ಎರಡನೆಯದು ಹೊಕ್ಕು. ನಾನು ಹಾಗೆಯೇ ಕಲಿತೆ, ಕಲಿಸುವುದೂ ಹಾಗೆಯೇ.

ಹಳೆಯ ಗಟ್ ತೆಗೆಯುವುದರಲ್ಲಿಯೇ ಮೊದಲ ಎಚ್ಚರ ಬೇಕು. ನಡುವಿನಿಂದ ಆರಂಭಿಸಿ, ಒಂದು ಹಾಸು ಒಂದು ಹೊಕ್ಕು ಎಂಬಂತೆ ಸುತ್ತ ಸಮನಾಗಿ ಕತ್ತರಿಸುತ್ತ ಹೊರಕ್ಕೆ ಬರಬೇಕು. ಒಂದೇ ಬದಿಯಿಂದ ಕತ್ತರಿಸಿದರೆ ಉಳಿದ ಬದಿಯ ಎಳೆತಕ್ಕೆ ಫ್ರೇಮ್ ತಿರುಚಿಕೊಳ್ಳುತ್ತದೆ. ಆಡುವಾಗ ಒಂದು ಎಳೆ ಹರಿದರೂ ಮಿಕ್ಕದ್ದನ್ನು ಕೂಡಲೇ ಕತ್ತರಿಸಿಬಿಡಿ ಎಂದು ಗಿರಾಕಿಗಳಿಗೆ ಹೇಳಿಕೊಡಿ; ಹಾಗೇ ಚೀಲದಲ್ಲಿಟ್ಟ ರ‍್ಯಾಕೆಟ್ ಒಂದೇ ರಾತ್ರಿಯಲ್ಲಿ ಕೆಡಬಹುದು.

ಬರಿದಾದ ಫ್ರೇಮನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸುತ್ತ ಸವರಬೇಕು. ಬಣ್ಣದಲ್ಲಿ ಕೂದಲೆಳೆಯಂಥ ಗೆರೆಯೇನಾದರೂ ಉಗುರಿಗೆ ತಾಗಿದರೆ ಅದು ಬಿರುಕು. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಆರಂಭದ ಮೂರನೆಯ ತಿಂಗಳಲ್ಲಿ ಕಾಲೇಜು ಹುಡುಗನೊಬ್ಬನ ರ‍್ಯಾಕೆಟ್ಟಿಗೆ ಹೊಕ್ಕು ಎಳೆಯುತ್ತಿದ್ದಾಗ, ಗಡಿಯಾರದ ಎರಡು ಗಂಟೆಯ ಮುಳ್ಳು ನಿಲ್ಲುವ ಜಾಗದಲ್ಲಿ ಟಕ್ಕೆಂದು ಒಣಕಡ್ಡಿ ಮುರಿದಂಥ ಸದ್ದಾಯಿತು, ಇಡೀ ಗಟ್ ಸೋತುಬಿದ್ದಿತು. ಅಲ್ಲಿ ಹಳೆಯ ಬಿರುಕಿತ್ತು, ನಾನು ನೋಡಿರಲಿಲ್ಲ. ಆ ಹುಡುಗ, “ಹೋಗಲಿ ಬಿಡಿ ಮೇಷ್ಟ್ರೇ, ಅದು ಮೊದಲೇ ಒಂದು ಸಲ ನೆಲಕ್ಕೆ ಬಡಿದಿತ್ತು” ಎಂದ. ಆದರೂ ನನ್ನ ಪರೀಕ್ಷೆಯ ಲೋಪಕ್ಕಾಗಿ ಅರ್ಧ ಬೆಲೆ ಕೊಟ್ಟೆ. ಅಂದಿನಿಂದ ಫ್ರೇಮನ್ನು ಗಿರಾಕಿಯ ಎದುರಿನಲ್ಲಿಯೇ ಸವರಿ ನೋಡಿ, ಕಂಡದ್ದನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ.

ಸೀಳಿದ ಗ್ರಾಮೆಟ್ ಇದ್ದರೆ ಬದಲಿಸಿ, ಫ್ರೇಮನ್ನು ಯಂತ್ರಕ್ಕೆ ಕೂರಿಸಿ, ಆರೂ ಹಿಡಿಗಳು ತಾಗುವಷ್ಟು ಮಾತ್ರ ತಿರುಗಿಸಿ, ಅದುಮಬಾರದು. ಹಾಸಿನ ಎಳೆಗಳು ಸಾಮಾನ್ಯವಾಗಿ 22. ನಡುವಿನ ಎರಡು ಎಳೆಗಳಿಂದ ಆರಂಭಿಸಿ ಎಡಕ್ಕೊಂದು ಬಲಕ್ಕೊಂದು ಎಂದು ಎಳೆಯುತ್ತ ಹೋಗಬೇಕು, ಒಂದು ಬದಿ ಇನ್ನೊಂದಕ್ಕಿಂತ ಎರಡು ಎಳೆಗಿಂತ ಹೆಚ್ಚು ಮುಂದೆ ಹೋಗಬಾರದು. ಗಂಟು ಹಾಕುವ ಮುಂಚಿನ ಕೊನೆಯ ಎಳೆಯನ್ನು ಎರಡು ಪೌಂಡ್ ಹೆಚ್ಚಿಗೆ ಎಳೆಯುತ್ತೇನೆ, ಏಕೆಂದರೆ ಗಂಟು ಕೂರುವಾಗ ಅಷ್ಟು ಸಡಿಲಾಗುತ್ತದೆ.

ಹೊಕ್ಕು ಹಾಕುವುದೇ ಹೊಸಬರ ಬೆರಳನ್ನು ನೋಯಿಸುವ ಕೆಲಸ. ಒಂದರ ಮೇಲೆ, ಒಂದರ ಕೆಳಗೆ. ಹಿಂದಿನ ಸಾಲು ಮೇಲೆ ಹೋದಲ್ಲಿ ಈ ಸಾಲು ಕೆಳಗೆ ಹೋಗಬೇಕು. ಮೇಲಿನ ಕೈ ತುದಿಯನ್ನು ಒತ್ತಿದರೆ ಕೆಳಗಿನ ಕೈ ಅದನ್ನು ಹಿಂದಕ್ಕೆ ತಳ್ಳುತ್ತದೆ, ಹತ್ತಿ ಬಿಡಿಸುವಾಗಿನಂತೆ ಎರಡು ಕೈಗೂ ಒಂದೇ ತಾಳ ಬಂದಾಗ ಕೆಲಸ ಓಡುತ್ತದೆ. ಉದ್ದನೆಯ ಗಟ್ಟನ್ನು ಒಂದೇ ಜಾಗದಲ್ಲಿ ರಭಸದಿಂದ ಎಳೆದರೆ ಹಾಸಿನ ಎಳೆ ಉಜ್ಜಿ ಸುಡುತ್ತದೆ. ಎಳೆಯುತ್ತಿರುವ ಕೈಯನ್ನು ತುಸು ಮೇಲೆ ಕೆಳಗೆ ಆಡಿಸುತ್ತ ಎಳೆಯಬೇಕು. ಹೊಕ್ಕಿಗೆ ಹಾಸಿಗಿಂತ ಒಂದೆರಡು ಪೌಂಡ್ ಹೆಚ್ಚು ಬಿಗಿತ ಕೊಟ್ಟರೆ ಫ್ರೇಮ್ ತನ್ನ ಆಕಾರಕ್ಕೆ ಮರಳುತ್ತದೆ. ಪ್ರತಿ ಎಳೆಯನ್ನೂ ಎಳೆದ ಮೇಲೆ ಬೆರಳಿನಿಂದ ನೇರ ಮಾಡಿ, ಕೊನೆಗೆ ಗಂಟನ್ನು ಕೈಯಿಂದ ಬಿಗಿದು, ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಎಳೆಗಳು ಯಾವ ರಂಧ್ರದಿಂದ ಯಾವುದಕ್ಕೆ ಹೋಗಬೇಕು ಎಂಬುದು ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದರಿಂದ, ಹಳೆಯ ಗಟ್ ಕತ್ತರಿಸುವ ಮುನ್ನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳುವುದನ್ನು ಎಂದೂ ತಪ್ಪಿಸಬೇಡಿ.

ನನ್ನ ಮೊದಲ ರ‍್ಯಾಕೆಟ್ಟಿಗೆ ಮೂರು ಗಂಟೆ ಹಿಡಿಯಿತು, ಈಗ ಮುಕ್ಕಾಲು ಗಂಟೆ. ಸ್ವಂತದ್ದು ಮತ್ತು ಸ್ನೇಹಿತರ ಹಳೆಯವು ಸೇರಿ ಹದಿನೈದನ್ನಾದರೂ ಬಿಟ್ಟಿ ಮಾಡಿದ ಮೇಲೆಯೇ ಹಣ ಕೇಳಿ.

ಐದನೆಯ ಹೆಜ್ಜೆ: ಎಷ್ಟು ಪೌಂಡ್ ಎಂಬ ಸಲಹೆ

ಗಿರಾಕಿ ಮತ್ತೆ ಬರುವುದು ಈ ಸಲಹೆಯಿಂದ. ಟಿವಿಯಲ್ಲಿ ದೊಡ್ಡ ಆಟಗಾರರನ್ನು ನೋಡಿದ ಹದಿನಾಲ್ಕರ ಹುಡುಗ ಬಂದು “ಸಾರ್, 28 ಹಾಕಿ” ಎನ್ನುತ್ತಾನೆ. ಬಿಗಿತ ಹೆಚ್ಚಿದಂತೆ ಹಿಡಿತ ಹೆಚ್ಚುತ್ತದೆ, ಆದರೆ ಗಟ್ ತಾನಾಗಿ ಚಿಮ್ಮಿಸುವ ಶಕ್ತಿ ಕಡಿಮೆಯಾಗುತ್ತದೆ, ಚೆನ್ನಾಗಿ ತಾಗುವ ನಡುಭಾಗ ಕಿರಿದಾಗುತ್ತದೆ. ತೋಳಿನಲ್ಲಿ ಬಲವಿಲ್ಲದವರು ಅದನ್ನು ಹೊಡೆದು ಹೊಡೆದು ಮೊಣಕೈ ನೋಯಿಸಿಕೊಳ್ಳುತ್ತಾರೆ. ಕಲಿಯುವವರಿಗೆ 20ರಿಂದ 22, ನಿತ್ಯ ಆಡುವವರಿಗೆ 23ರಿಂದ 25 ಸಾಕೆಂಬುದು ನನ್ನ ಲೆಕ್ಕ. ಫ್ರೇಮಿನ ಮೇಲೆ ಮುದ್ರಿಸಿರುವ ಗರಿಷ್ಠ ಪೌಂಡನ್ನು ಯಾರು ಎಷ್ಟು ಒತ್ತಾಯಿಸಿದರೂ ದಾಟಬಾರದು.

ಜೊತೆಗೆ ಷಟಲ್ ಮಾರುವುದಾದರೆ ನಮ್ಮ ಊರಿನ ಎತ್ತರವನ್ನು ನೆನಪಿಡಬೇಕು. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ತೆಳುವಾದ್ದರಿಂದ ಗರಿಯ ಷಟಲ್ ದೂರ ಹೋಗುತ್ತದೆ. ಡಬ್ಬಿಯ ಮೇಲೆ 76, 77, 78 ಎಂದಿರುವುದು ವೇಗದ ಸಂಖ್ಯೆ, ದೊಡ್ಡದಾದಷ್ಟೂ ವೇಗ. ಮಂಗಳೂರಿನಲ್ಲಿ ಸರಿಹೋಗುವ ಡಬ್ಬಿ ಇಲ್ಲಿ ಗೆರೆ ದಾಟಿ ಬೀಳಬಹುದು, ಆದರೆ ಡಿಸೆಂಬರಿನ ಚಳಿ ಅದೇ ಷಟಲನ್ನು ಮತ್ತೆ ನಿಧಾನ ಮಾಡುತ್ತದೆ. ಕೋರ್ಟಿನಲ್ಲಿ ಹೊಡೆದು ನೋಡಿ ಕಾಲಕ್ಕೆ ತಕ್ಕ ಸಂಖ್ಯೆ ತರಿಸಿಕೊಡುವವರನ್ನು ಜನ ಬಿಡುವುದಿಲ್ಲ.

ಆರನೆಯ ಹೆಜ್ಜೆ: ದರ, ಪುಸ್ತಕ, ತೆರಿಗೆ

ಒಂದು ಸುರುಳಿ 6,600 ರೂಪಾಯಿಗೆ ಬಂದಿತೆಂದು ಇಟ್ಟುಕೊಳ್ಳೋಣ. ಒಂದು ರ‍್ಯಾಕೆಟ್ಟಿನ ಗಟ್ಟಿಗೆ 330 ಆಯಿತು. ಕೂಲಿ ಸೇರಿ 500 ತೆಗೆದುಕೊಂಡರೆ 170 ಉಳಿಯುತ್ತದೆ. ಗ್ರಾಮೆಟ್, ಹಾಳಾಗುವ ತುಂಡುಗಳಿಗೆ 10 ಕಳೆದರೆ 160. ತಿಂಗಳಿಗೆ 30 ರ‍್ಯಾಕೆಟ್ ಆದರೆ 4,800, ಮತ್ತು ಯಂತ್ರದ 30,000 ಸುಮಾರು 188 ರ‍್ಯಾಕೆಟ್‌ಗಳಲ್ಲಿ, ಅಂದರೆ ಆರು ತಿಂಗಳು ದಾಟಿದ ಕೆಲವೇ ದಿನಗಳಲ್ಲಿ ತೀರುತ್ತದೆ ಎಂದು ಕಾಗದದ ಮೇಲೆ ಬರುತ್ತದೆ. ಮೊದಲ ವರ್ಷ ತಿಂಗಳಿಗೆ 30 ಬರುವುದಿಲ್ಲ. ನನಗೆ ಯಂತ್ರದ ಹಣ ಮರಳಲು ಹದಿನಾಲ್ಕು ತಿಂಗಳು ಹಿಡಿಯಿತು. ಗುರುತಿನವರೆಂದು ಕೂಲಿ ಬಿಡಬೇಡಿ. ಬಡ ಮಕ್ಕಳಿಗೆ ಬಿಡುವುದಾದರೆ ಮನಸಾರೆ ಬಿಡಿ, ಅದನ್ನೂ ಪುಸ್ತಕದಲ್ಲಿ ಬರೆದಿಡಿ.

ಪುಸ್ತಕದಲ್ಲಿ ಪ್ರತಿ ರ‍್ಯಾಕೆಟ್ಟಿಗೆ ಒಂದು ಸಾಲು ಇರಬೇಕು: ದಿನಾಂಕ, ಹೆಸರು, ಫ್ರೇಮ್, ಗಟ್, ಪೌಂಡ್, ಕಂಡ ದೋಷ, ಪಡೆದ ಹಣ. ಮೂರು ತಿಂಗಳ ಬಳಿಕ ಬಂದವರಿಗೆ “ಕಳೆದ ಸಲ 24 ಹಾಕಿದ್ದೆ, ಹೇಗಿತ್ತು?” ಎಂದು ಕೇಳಲು ಸಾಧ್ಯವಾಗುವುದು ಈ ಸಾಲಿನಿಂದ.

ಹಣ ಬಹುಪಾಲು ಯುಪಿಐ ಮೂಲಕವೇ ಬರುವುದರಿಂದ, ಪಿಂಚಣಿಯ ಖಾತೆಗೆ ಸೇರಿಸದೆ ಬೇರೊಂದು ಉಳಿತಾಯ ಖಾತೆ ತೆರೆಯಿರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ, ಮನೆಯ ಹಣ ಯಾವುದು ವ್ಯಾಪಾರದ್ದು ಯಾವುದು ಎಂದು ಬಿಡಿಸಿ ತೋರಿಸಲು ಹಲವರು ಪರದಾಡಿದರು. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ನಮ್ಮ ಕೆಲಸ ಅದರ ಹತ್ತಿರವೂ ಹೋಗದು, ಆದರೂ ಲೆಕ್ಕ ಸ್ಪಷ್ಟವಾಗಿರಲಿ. ಪಿಂಚಣಿಯನ್ನು ವೇತನದ ಶೀರ್ಷಿಕೆಯಲ್ಲಿಯೂ ಇದನ್ನು ವ್ಯಾಪಾರದ ಆದಾಯವಾಗಿಯೂ ತೋರಿಸಬೇಕು, ಹಾಗಾಗಿ ಇದುವರೆಗೆ ತುಂಬುತ್ತಿದ್ದ ಐಟಿಆರ್ 1 ಎಂಬ ಆದಾಯ ತೆರಿಗೆ ವಿವರದ ನಮೂನೆ ಸಲ್ಲುವುದಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ವಹಿವಾಟಿನ ಶೇ 8ನ್ನು, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಭಾಗಕ್ಕೆ ಶೇ 6ನ್ನು ಕನಿಷ್ಠ ಲಾಭವೆಂದು ತೋರಿಸಬಹುದು. ಆದರೆ ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸುವುದು ಸರಿ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ. ಮೊದಲ ವರ್ಷವಾದರೂ ಲೆಕ್ಕ ಪರಿಶೋಧಕರ ಕೈಯಲ್ಲಿ ತುಂಬಿಸಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಗೆ ಸರ್ಕಾರದ ಜಾಲತಾಣದಲ್ಲಿ ಶುಲ್ಕವಿಲ್ಲ, ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಮಕ್ಕಳಿಗೆ ಕಲಿಸುವ ಆಸೆಯಿದ್ದರೆ

ರ‍್ಯಾಕೆಟ್ ತರುವ ತಂದೆತಾಯಿಯರೇ ಒಂದು ದಿನ ಕೇಳುತ್ತಾರೆ. ಭಾನುವಾರ ಒಂದೇ ತರಗತಿ, ಆರೇ ಮಕ್ಕಳು ಎಂದು ಮಿತಿ ಹಾಕಿಕೊಂಡರೆ ಒಪ್ಪಿಕೊಳ್ಳಬಹುದು. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟದ ಷಟಲ್ ಟೈಮ್ ಎಂಬ ಶಾಲಾ ಕಾರ್ಯಕ್ರಮದ ಪಾಠಗಳು ಉಚಿತವಾಗಿ ಸಿಗುತ್ತವೆ, ನಮ್ಮ ಕಾಲದ “ಹೊಡಿ, ಓಡು” ಎಂಬ ಬೋಧನೆಗಿಂತ ಅವು ಬಹಳ ಮುಂದಿವೆ. ತರಗತಿಯ ಹೊತ್ತಿನಲ್ಲಿ ಪೋಷಕರೊಬ್ಬರು ಕೋರ್ಟಿನಲ್ಲಿಯೇ ಕುಳಿತಿರಬೇಕೆಂಬ ನಿಯಮವನ್ನು ಮೊದಲ ದಿನವೇ ಹೇಳಿಬಿಡಿ.

ದೇಹದ ಲೆಕ್ಕ

ಒಂದು ಸಲಕ್ಕೆ ಎರಡು ರ‍್ಯಾಕೆಟ್, ನಡುವೆ ಹತ್ತು ನಿಮಿಷ ಎದ್ದು ಓಡಾಟ, ಬೆರಳಿಗೆ ರಾತ್ರಿ ಸ್ವಲ್ಪ ಕೊಬ್ಬರಿ ಎಣ್ಣೆ. ಹೊಸ ಗಟ್ ಎಳೆದ ಮೊದಲ ದಿನವೇ ಒಂದಷ್ಟು ಸಡಿಲಾಗುವುದರಿಂದ, ಸಂಜೆ ಮುಗಿಸಿದ ರ‍್ಯಾಕೆಟ್ಟನ್ನು ಮರುದಿನ ಬೆಳಿಗ್ಗೆ ಅಂಗೈಯಿಂದ ತಟ್ಟಿ ಕೇಳಿ, ಪ್ರತಿ ಸಾಲನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ಕೊಡುತ್ತೇನೆ. ಎರಡು ವರ್ಷದ ಹಿಂದೆ ಹೀಗೆ ನೋಡುವಾಗ, ಹೊಕ್ಕು ತಪ್ಪಿ ಎರಡು ಎಳೆ ಒಂದೇ ಬದಿಗೆ ಹೋದದ್ದು ನನ್ನ ಕಣ್ಣಿಗೆ ಬೀಳಲಿಲ್ಲ, ಮೊಮ್ಮಗಳು ತೋರಿಸಿದಳು. ಅದೇ ವಾರ ಕಣ್ಣಿನ ವೈದ್ಯರ ಬಳಿ ಹೋದೆ, ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯಾಗಿ ವೈದ್ಯರು ಸರಿ ಎನ್ನುವವರೆಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟು, ಬಂದ ಹನ್ನೊಂದು ರ‍್ಯಾಕೆಟ್‌ಗಳನ್ನು ಮುಟ್ಟದೆ ವಾಪಸು ಕಳುಹಿಸಿದೆ. ಅವುಗಳಲ್ಲಿ ಒಂಬತ್ತು ಮತ್ತೆ ನನ್ನ ಮೇಜಿಗೇ ಬಂದವು.